ಕಾವುಪೆಟ್ಟಿಗೆ ನಡೆದು ಬಂದ ದಾರಿ

ಇ.ಸಿ.ಐ.ಎಲ್. ಸಂಸ್ಥೆ 1967ರಲ್ಲಿ ಸ್ಥಾಪನೆಯಾದ ಮೇಲೆ ಬೆಳೆದ ನಮ್ಮ ಕುಷಾಯಿಗೂಡದ ಸುತ್ತಿನ ಕಾಲೋನಿಗಳಲ್ಲಿ ಹಿತ್ತಲು ಎಂಬುದು ಈಗ ಅಪರೂಪ. ಆದರೂ ಬೀದರ, ಕಲಬುರ್ಗಿ, ರಾಯಚೂರಿನ ಕಡೆಯಿಂದ ಬಂದು ನೆಲೆಸಿದ ನಮ್ಮವರಿಗೆ ಊರ ಮನೆಯ ಮೂಲೆಯಲ್ಲಿ ಬುಟ್ಟಿಯೊಳಗೆ ತತ್ತಿಗೆ ಕೂತ ಹೇಂಟೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮಕ್ಕಳಿಗೂ ಅದನ್ನು ತೋರಿಸಬೇಕು, ನಾಲ್ಕು ಕೋಳಿ ಸಾಕಬೇಕು ಎಂಬ ಆಸೆಯುಳ್ಳವರು ಮೊದಲು ವಿಚಾರಿಸುವುದು ಕಾವುಪೆಟ್ಟಿಗೆಯನ್ನು. ಎಷ್ಟು ಮೊಟ್ಟೆ ಹಿಡಿಯುತ್ತದೆ, ಬೆಲೆ ಎಷ್ಟು ಎಂಬಲ್ಲಿಗೆ ವಿಚಾರಣೆ ಮುಗಿಯುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆಯಿದೆ. ಹೇಂಟೆ ಮಾಡುವ ಕೆಲಸಗಳಲ್ಲಿ ಯಾವುದನ್ನು ಈ ಪೆಟ್ಟಿಗೆ ತಾನು ವಹಿಸಿಕೊಳ್ಳುತ್ತದೆ, ಯಾವುದನ್ನು ನಮ್ಮ ತಲೆಗೆ ಬಿಡುತ್ತದೆ? ಈ ಯಂತ್ರದ ಚರಿತ್ರೆಯನ್ನು ಸ್ವಲ್ಪ ತಿಳಿದರೆ ಉತ್ತರ ತಾನಾಗಿ ಹೊಳೆಯುತ್ತದೆ.

ಹೇಂಟೆ ಸುಮ್ಮನೆ ಕೂತಂತೆ ಕಂಡರೂ ಅದು ನಾಲ್ಕು ಕೆಲಸಗಳನ್ನು ಒಟ್ಟಿಗೆ ನಡೆಸುತ್ತಿರುತ್ತದೆ. ಮೈಯ ಶಾಖವನ್ನು 21 ದಿನ ಒಂದೇ ಸಮನೆ ಕೊಡುತ್ತದೆ. ಮೊಟ್ಟೆಗಳನ್ನು ಕೊಕ್ಕಿನಿಂದ ದಿನಕ್ಕೆ ಹಲವು ಸಲ ಹೊರಳಿಸುತ್ತದೆ. ಹೊರಳಿಸದಿದ್ದರೆ ಒಳಗಿನ ಭ್ರೂಣ ಪೊರೆಗೆ ಅಂಟಿಕೊಂಡು ಸಾಯುತ್ತದೆ. ಮೊಟ್ಟೆಯ ತೇವ ಹೆಚ್ಚು ಆರದಂತೆ ಕಾಯುತ್ತದೆ. ಮೇವಿಗೆಂದು ಎದ್ದು ಹೋದ ಸ್ವಲ್ಪ ಹೊತ್ತಿನಲ್ಲಿ ಮೊಟ್ಟೆಗಳಿಗೆ ಗಾಳಿಯಾಡುತ್ತದೆ. ಶಾಖ, ಹೊರಳಿಕೆ, ತೇವ, ಗಾಳಿ — ಈ ನಾಲ್ಕನ್ನೂ ಕೋಳಿಯ ಕೈಯಿಂದ ಒಂದೊಂದಾಗಿ ಬಿಡಿಸಿಕೊಳ್ಳಲು ಮನುಷ್ಯನಿಗೆ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಕ್ರಿ.ಪೂ. 4ನೆಯ ಶತಮಾನದ ಗ್ರೀಕ್ ಪಂಡಿತ ಅರಿಸ್ಟಾಟಲ್, ಈಜಿಪ್ಟಿನಲ್ಲಿ ಮೊಟ್ಟೆಗಳನ್ನು ಗೊಬ್ಬರದ ರಾಶಿಯಲ್ಲಿ ಹೂತು ಮರಿ ಮಾಡಿಸುತ್ತಾರೆಂದು ಬರೆದಿದ್ದಾನೆ. ಜೊತೆಗೆ ಒಂದು ತಮಾಷೆಯ ಕಥೆಯನ್ನೂ ಹೇಳುತ್ತಾನೆ. ಸಿರಕ್ಯೂಸ್ ನಗರದ ಕುಡುಕನೊಬ್ಬ ತನ್ನ ಚಾಪೆಯ ಕೆಳಗೆ ಮೊಟ್ಟೆಗಳನ್ನು ಇಟ್ಟುಕೊಂಡು, ಅವು ಮರಿಯಾಗುವವರೆಗೂ ಬಿಡದೆ ಕುಡಿಯುತ್ತ ಕೂತನಂತೆ! ನಿಜವೋ ಸುಳ್ಳೋ, ಶಾಖವೊಂದು ಸಿಕ್ಕರೆ ಕೋಳಿಯೇ ಬೇಕೆಂದಿಲ್ಲ ಎಂಬುದು ಅಂದಿನವರಿಗೂ ತಿಳಿದಿತ್ತು.

ಮುಂದೆ ಈಜಿಪ್ಟಿನವರು ಮಣ್ಣಿನ ಇಟ್ಟಿಗೆಯ ದೊಡ್ಡ ಕಾವುಗೂಡುಗಳನ್ನೇ ಕಟ್ಟಿದರು. ನಡುವೆ ಓಣಿ, ಎರಡು ಬದಿಗೂ ಎರಡಂತಸ್ತಿನ ಕೋಣೆಗಳು. ಕೆಳಗೆ ಸಾವಿರಾರು ಮೊಟ್ಟೆ, ಮೇಲೆ ಸಗಣಿ ಮತ್ತು ಹುಲ್ಲಿನ ಕೆಂಡ. ಉಷ್ಣಮಾಪಕವಿಲ್ಲದ ಕಾಲ, ಕೆಲಸಗಾರ ಮೊಟ್ಟೆಯೊಂದನ್ನು ಎತ್ತಿ ಕಣ್ಣಿನ ರೆಪ್ಪೆಗೆ ತಾಗಿಸಿ ಶಾಖವನ್ನು ಅಳೆಯುತ್ತಿದ್ದ. ಈ ವಿದ್ಯೆ ತಂದೆಯಿಂದ ಮಗನಿಗೆ ಬರುತ್ತಿತ್ತು. ಅಲ್ಲಿ ಬೆಂಕಿ ಗೂಡಿನದು, ವಿವೇಚನೆ ಮನುಷ್ಯನದು. 18ನೆಯ ಶತಮಾನದ ಫ್ರೆಂಚ್ ವಿಜ್ಞಾನಿ ರೊಮೂರ್ ಈ ವಿದ್ಯೆಯನ್ನು ತನ್ನ ದೇಶಕ್ಕೆ ತರಲು ಹೊರಟು, 1749ರಲ್ಲಿ ಅದರ ಮೇಲೆ ಒಂದು ಗ್ರಂಥವನ್ನೇ ಪ್ರಕಟಿಸಿದ. ನೀರು ಕುದಿಯುವುದನ್ನು 80 ಡಿಗ್ರಿ ಎಂದೆಣಿಸುವ ಉಷ್ಣಮಾನವನ್ನು ಹಳೆಯ ಭೌತಶಾಸ್ತ್ರದ ಪಾಠಗಳಲ್ಲಿ ಓದಿದವರಿಗೆ ಆ ಹೆಸರು ಪರಿಚಿತ. ರೆಪ್ಪೆಯ ಜಾಗಕ್ಕೆ ಉಷ್ಣಮಾಪಕವನ್ನು ಕೂರಿಸುವುದು ಅವನ ಪ್ರಯತ್ನವಾಗಿತ್ತು.

ಆದರೆ ಉಷ್ಣಮಾಪಕ ಶಾಖವನ್ನು ತೋರಿಸೀತೇ ಹೊರತು ತಿದ್ದಲಾರದು. ತಾನೇ ತಿದ್ದಿಕೊಳ್ಳುವ ಒಲೆಯೊಂದನ್ನು ಡಚ್ಚರ ಡ್ರೆಬೆಲ್ ಎಂಬಾತ 17ನೆಯ ಶತಮಾನದ ಆರಂಭದಲ್ಲೇ ಇಂಗ್ಲೆಂಡಿನಲ್ಲಿ ರಚಿಸಿದ್ದ. ಶಾಖ ಹೆಚ್ಚಾದರೆ ಮದ್ಯಸಾರ ಹಿಗ್ಗಿ ಪಾದರಸವನ್ನು ತಳ್ಳುವುದು, ಅದು ಒಲೆಯ ಗಾಳಿಕಿಂಡಿಯನ್ನು ಮುಚ್ಚುವುದು! ಅದು ಮನೆಮನೆಗೆ ಬರುವಂತಾದದ್ದು 19ನೆಯ ಶತಮಾನದ ಕೊನೆಗೆ. 1881ರಲ್ಲಿ ಲಂಡನ್ನಿನ ಹೇರ್ಸನ್ ತಯಾರಿಸಿದ ಪೆಟ್ಟಿಗೆಯಲ್ಲಿ ತೆಳು ಲೋಹದ ಒಂದು ಚಪ್ಪಟೆ ಡಬ್ಬಿಯಿತ್ತು. ಅದರೊಳಗಿನ ದ್ರವ ಕಾವಿನ ಶಾಖ ಮುಟ್ಟುತ್ತಲೇ ಆವಿಯಾಗಿ ಡಬ್ಬಿ ಉಬ್ಬುತ್ತಿತ್ತು. ಸನ್ನೆಯೊಂದು ಮೇಲೆದ್ದು ದೀಪದ ಬಿಸಿಯನ್ನು ಹೊರಕ್ಕೆ ಬಿಡುತ್ತಿತ್ತು. ನಾವಿಂದು ಥರ್ಮೋಸ್ಟಾಟ್ ಎನ್ನುವ ಸಾಧನದ ಹಿರಿಯ ಅದು.

ಗಾಳಿಯ ಸಮಸ್ಯೆ ಉಳಿದಿತ್ತು. ನಿಂತ ಗಾಳಿಯಲ್ಲಿ ಮೇಲೆ ಬಿಸಿ, ಕೆಳಗೆ ತಂಪು. ಅಮೆರಿಕದ ಸ್ಮಿತ್ ಎಂಬಾತ ಗಾಳಿಯನ್ನು ಬಲವಂತವಾಗಿ ಆಡಿಸಿ, ಬೇರೆಬೇರೆ ವಯಸ್ಸಿನ ಮೊಟ್ಟೆಗಳನ್ನು ಒಂದೇ ಕೋಣೆಯಲ್ಲಿಡುವ ಕ್ರಮಕ್ಕೆ 1918ರಲ್ಲಿ ಪೇಟೆಂಟ್ ಪಡೆದ. ಬಲಿತ ಭ್ರೂಣ ತಾನೇ ಶಾಖ ಹೊಮ್ಮಿಸುತ್ತದೆ. ಆ ಶಾಖ ಎಳೆಯ ಮೊಟ್ಟೆಗಳಿಗೆ ದಕ್ಕುತ್ತದೆ. ಅದೇ ವರ್ಷ ಅಮೆರಿಕದ ಅಂಚೆ ಇಲಾಖೆ ಒಂದು ದಿನದ ಮರಿಗಳನ್ನು ಪಾರ್ಸೆಲಿನಲ್ಲಿ ಒಯ್ಯಲು ಒಪ್ಪಿಕೊಂಡಿತು. ಹುಟ್ಟಿದ ಮರಿಯ ಹೊಟ್ಟೆಯಲ್ಲಿ ಉಳಿದ ಹಳದಿ ಭಂಡಾರ ಅದನ್ನು ಎರಡು ದಿನಕ್ಕೂ ಮೇಲ್ಪಟ್ಟು ಕಾಪಾಡುತ್ತದೆಂಬುದೇ ಇದಕ್ಕೆ ಆಧಾರ. ಹೀಗೆ ಪೆಟ್ಟಿಗೆ ಕಾರ್ಖಾನೆಯಾಯಿತು.

ನಮ್ಮ ಹೈದರಾಬಾದಿಗೂ ಈ ಚರಿತ್ರೆಯಲ್ಲಿ ಪಾಲಿದೆ. ಬಿ.ವಿ. ರಾವ್ ಅವರು 1971ರಲ್ಲಿ ವೆಂಕಟೇಶ್ವರ ಹ್ಯಾಚರೀಸನ್ನು ಆರಂಭಿಸಿದ್ದು ಇಲ್ಲಿಂದಲೇ. ಮೊಟ್ಟೆಯ ಬೆಲೆಯನ್ನು ಸಾಕಣೆದಾರರೇ ಸಾರುವಂತೆ ಮಾಡಿದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ 1982ರಲ್ಲಿ ಅವರ ಮುಂದಾಳುತನದಲ್ಲೇ ಹುಟ್ಟಿತು. 1988ರಲ್ಲಿ ರಾಜೇಂದ್ರನಗರದಲ್ಲಿ ಕೇಂದ್ರ ಸರ್ಕಾರದ ಕೋಳಿ ಸಂಶೋಧನಾ ನಿರ್ದೇಶನಾಲಯ ಸ್ಥಾಪನೆಯಾಯಿತು. ಹಿತ್ತಲ ಸಾಕಣೆಗೆ ಹೆಸರಾದ ವನರಾಜ, ಗ್ರಾಮಪ್ರಿಯ ತಳಿಗಳು ಅಲ್ಲಿಯವು. ಕರ್ನಾಟಕದ ಗಿರಿರಾಜ ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡಿತು.

ಈ ಗೆಲುವಿಗೆ ಕೋಳಿ ತೆತ್ತ ಬೆಲೆಯನ್ನೂ ಹೇಳಬೇಕು. ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ಪೆಟ್ಟಿಗೆ ಇರುವಾಗ ಕೋಳಿ ಏಕೆ ಕೂರಬೇಕು? ಕಾವಿಗೆ ಕೂರದ ಕೋಳಿಗಳನ್ನೇ ಆರಿಸಿ ಆರಿಸಿ ತಳಿ ಬೆಳೆಸಿದರು. ವರ್ಷಕ್ಕೆ 300ರ ಆಸುಪಾಸು ಮೊಟ್ಟೆ ಕೊಡುವ ಬಿಳಿ ಲೆಗಾರ್ನ್ ಕೋಳಿಗೆ ತನ್ನ ಮೊಟ್ಟೆಯ ಮೇಲೆ ಕೂರುವುದು ಮರೆತೇಹೋಗಿದೆ ಎನ್ನಬಹುದು. ಮೊದಲು ಕೋಳಿಯಿಲ್ಲದಿದ್ದರೂ ನಡೆಯಲೆಂದು ಪೆಟ್ಟಿಗೆ ಮಾಡಿದೆವು. ಈಗ ಪೆಟ್ಟಿಗೆಯಿಲ್ಲದಿದ್ದರೆ ಆ ಕೋಳಿಯ ವಂಶವೇ ನಡೆಯದು. ನಾಟಿ ಹೇಂಟೆಗೆ ಮಾತ್ರ ಆ ವಿದ್ಯೆ ಇನ್ನೂ ಗೊತ್ತು.

ಇನ್ನು ಆಯ್ಕೆಯ ಮಾತು. ಪೇಟೆಯಲ್ಲಿ ಸಿಗುವ ಅಗ್ಗದ ಥರ್ಮೋಕೋಲ್ ಪೆಟ್ಟಿಗೆ, ಬಲ್ಬು ಮತ್ತು ಥರ್ಮೋಸ್ಟಾಟ್ ಅಷ್ಟೇ ಇದ್ದರೆ, ಹೇರ್ಸನ್ನನ ಕಾಲದ್ದು. ಅದು ಶಾಖವನ್ನು ನೋಡಿಕೊಳ್ಳುತ್ತದೆ. ಉಳಿದ ಮೂರು ನಿಮ್ಮವು. ಫ್ಯಾನ್ ಇದ್ದರೆ ಗಾಳಿಯೂ ಅದರ ಪಾಲಿಗೆ. ಫ್ಯಾನ್ ಇರುವಲ್ಲಿ 37.5 ಡಿಗ್ರಿ ಸಾಕು. ಇಲ್ಲದಲ್ಲಿ ಮೊಟ್ಟೆಯ ಮೇಲ್ಮಟ್ಟದಲ್ಲಿ 38.5ರ ಸಮೀಪ ಬೇಕು. ತಾನೇ ಹೊರಳಿಸುವ ತಟ್ಟೆಯಿದ್ದರೆ, ಗಂಡಹೆಂಡತಿ ಇಬ್ಬರೂ ನೌಕರಿಗೆ ಹೋಗುವ ಮನೆಗೆ ಅದೇ ಲೇಸು. 18ನೆಯ ದಿನ ಹೊರಳಿಸುವುದನ್ನು ನಿಲ್ಲಿಸಿ ತೇವವನ್ನು ಹೆಚ್ಚಿಸಬೇಕು. ಅಲ್ಲಿಯವರೆಗೆ ಶೇಕಡಾ 50ರಿಂದ 55, ಆಮೇಲೆ 65ರಿಂದ 70. ಯಾವುದನ್ನೇ ಕೊಂಡರೂ ಬೇರೊಂದು ಒಳ್ಳೆಯ ಉಷ್ಣಮಾಪಕವಿಟ್ಟು, ಮೊಟ್ಟೆಯಿಡುವ ಮುನ್ನ ಒಂದು ದಿನ ಬರಿದೇ ನಡೆಸಿ ನೋಡಿರಿ.

ನಮ್ಮ ಊರಿಗೆ ಒಂದು ಎಚ್ಚರಿಕೆ ವಿಶೇಷವಾಗಿ ಬೇಕು. ಈ ಪೆಟ್ಟಿಗೆಗಳು ಬಿಸಿ ಮಾಡಬಲ್ಲವು, ತಂಪು ಮಾಡಲಾರವು. ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟಿದಾಗ ತಗಡಿನ ಮಾಡಿನ ಕೋಣೆಯಲ್ಲಿ ಯಾವ ಥರ್ಮೋಸ್ಟಾಟೂ ಉಪಯೋಗಕ್ಕೆ ಬಾರದು. ಕೂಡಿಟ್ಟ ಮೊಟ್ಟೆಗಳೂ ಕಾವಿಗೆ ಮುನ್ನವೇ ಅರ್ಧ ಬೆಳೆದು ಕೆಡುತ್ತವೆ. ಮೊದಲ ಪ್ರಯೋಗವನ್ನು ಚಳಿಗಾಲಕ್ಕೆ ಇಟ್ಟುಕೊಳ್ಳುವುದು ಜಾಣತನ. ಕರೆಂಟು ಹೋದಾಗ ಮುಚ್ಚಳ ತೆರೆಯದೆ ಕಂಬಳಿ ಹೊದಿಸಿ, ಗಾಳಿಕಿಂಡಿಯನ್ನು ಮಾತ್ರ ಮುಚ್ಚಬೇಡಿರಿ. ಅಂಗಡಿಯ ಮೊಟ್ಟೆ ಹುಂಜವಿಲ್ಲದ ಫಾರಂನದು, ಮರಿಯಾಗದು. ಹುಂಜವಿರುವ ಕಡೆಯಿಂದ ಒಂದು ವಾರದೊಳಗಿನ ಮೊಟ್ಟೆ ತರಬೇಕು.

ಕೊನೆಯದಾಗಿ, ಹೇಂಟೆಯ ಕೆಲಸ 21ನೆಯ ದಿನಕ್ಕೆ ಮುಗಿಯುವುದಿಲ್ಲ, ಪೆಟ್ಟಿಗೆಯದು ಮುಗಿಯುತ್ತದೆ. ರೆಕ್ಕೆಯಡಿಯ ಬೆಚ್ಚನೆಯ ಜಾಗಕ್ಕೆ ಬಲ್ಬನ್ನು, ಮೇವು ತೋರಿಸುವ ತಾಯಿಯ ಜಾಗಕ್ಕೆ ನಿಮ್ಮನ್ನು ನೀವೇ ನಿಲ್ಲಿಸಬೇಕು. ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಹುಂಜಗಳೇ. ನಾಲ್ಕೈದು ತಿಂಗಳಲ್ಲಿ ನಸುಕಿಗೇ ಕೂಗತೊಡಗಿದಾಗ ಪಕ್ಕದ ಮನೆಯವರು ಏನೆನ್ನುತ್ತಾರೆ, ಅವುಗಳನ್ನು ಏನು ಮಾಡುವುದು ಎಂದು ಮಕ್ಕಳಿಗೆ ಏನು ಹೇಳುತ್ತೀರಿ? ಇದಕ್ಕೆ ಉತ್ತರ ಸಿಕ್ಕಿದ ಮೇಲೆ ಪೆಟ್ಟಿಗೆಯ ಬೆಲೆ ವಿಚಾರಿಸಿರಿ.