ಬೇಳೆ ಬೇಯುವ ನೀರು

ಚರಿತ್ರೆಯೆಂದರೆ ಅರಸರ ಏಳುಬೀಳು, ಯುದ್ಧ, ಒಪ್ಪಂದ, ದಾನಶಾಸನ ಎಂದು ನಾವು ಕಲಿತು ಬಂದಿದ್ದೇವೆ. ಸ್ವಲ್ಪ ಮುಂದುವರಿದವರು ಕಂದಾಯ, ಬೇಸಾಯ, ವ್ಯಾಪಾರಗಳನ್ನೂ ಸೇರಿಸಿಕೊಳ್ಳುತ್ತಾರೆ. ಒಂದು ಸಂಸಾರ ತನ್ನ ಊರನ್ನು ಬಿಟ್ಟು ದೂರದ ಊರಿಗೆ ಹೋಗಿ ಒಲೆ ಹೂಡಿತೆಂಬ ಸಂಗತಿ ಮಾತ್ರ ಯಾವ ಚರಿತ್ರೆಯ ಲೆಕ್ಕಕ್ಕೂ ಬರುವುದಿಲ್ಲ. ಹಳೆಯ ಮೈಸೂರಿನಲ್ಲಿ ಅಮಲ್ದಾರರು, ಶೇಕದಾರರು, ಉಪಾಧ್ಯಾಯರು, ವೈದ್ಯರು ವರ್ಗವಾಗಿ ಹೋದ ತಾರೀಖುಗಳು ಸರ್ಕಾರದ ಕಡತಗಳಲ್ಲಿ ಇವೆ. ಅವರೊಡನೆ ಹೋದ ಹೆಂಗಸರು ಕಾಣದ ಊರಿನ ನೀರು, ಕಟ್ಟಿಗೆ, ಧಾನ್ಯಗಳಲ್ಲಿ ಎರಡು ಹೊತ್ತಿನ ಊಟವನ್ನು ಹೇಗೆ ಸಾಗಿಸಿದರೆಂಬುದು ಕಡತದಲ್ಲಿಲ್ಲ. ಆ ವಿದ್ಯೆ ಏನು, ಅದು ಯಾರಿಂದ ಬಂತು, ಎಲ್ಲಿಯವರೆಗೆ ನಡೆಯಿತು, ಎಲ್ಲಿ ನಿಂತಿತು ಎಂಬುದನ್ನು ಒಂದು ಗಡಿಯೂರಿನ ನಿದರ್ಶನದಿಂದ ವಿಚಾರಿಸುವುದು ಈ ಭಾಷಣದ ಉದ್ದೇಶ.

ಗೃಹಕೃತ್ಯವನ್ನು ಶಾಸ್ತ್ರವೆಂದು ಕಂಡವರು ಕನ್ನಡದಲ್ಲಿ ಇಲ್ಲದೆ ಇಲ್ಲ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಅಡಿಗೆಯ ಅಧ್ಯಾಯವಿದೆ, ಅದೇ ಗ್ರಂಥದಲ್ಲಿ ನೆಲದೊಳಗಿನ ನೀರನ್ನು ಗುರುತಿಸುವ ವಿದ್ಯೆಯೂ, ಗಿಡಮರಗಳ ಆರೈಕೆಯೂ ಇವೆ. ಅಡಿಗೆಯೂ ಅಂತರ್ಜಲವೂ ಒಂದೇ ಗ್ರಂಥದಲ್ಲಿ ಸೇರಿದುದು ಆಕಸ್ಮಿಕವಲ್ಲವೆಂದು ನನಗೆ ತೋರುತ್ತದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದನು. ಆದರೆ ಇವು ಪಂಡಿತರ ಕೃತಿಗಳು. ನಮ್ಮ ಅಜ್ಜಿಯರು ಇವನ್ನು ಓದಿದವರಲ್ಲ. ಅವರ ಶಾಸ್ತ್ರ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬಂದದ್ದು.

ಇನ್ನು ಊರಿನ ವಿಚಾರ. ಗೌನಿಪಲ್ಲಿಯು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಆಂಧ್ರದ ಗಡಿಯ ಕಡೆಗೆ ಇರುವ ಊರು. ಹಳಗನ್ನಡದ ಪಾಲ್, ಪುಲಿ, ಪಳ್ಳಿ ಎಂಬ ಶಬ್ದಗಳು ಕಾಲಕ್ರಮದಲ್ಲಿ ಹಾಲು, ಹುಲಿ, ಹಳ್ಳಿ ಎಂದಾದವು. ತೆಲುಗು ಆ ಪಕಾರವನ್ನು ಬಿಟ್ಟುಕೊಡಲಿಲ್ಲ. ಗೌನಿಪಲ್ಲಿ ಎಂಬ ಹೆಸರಿನ ಕೊನೆಯ ಎರಡು ಅಕ್ಷರಗಳೇ ಸಾಕು, ಅದು ಎರಡು ಭಾಷೆಗಳ ಸೀಮೆಯೆಂದು ತಿಳಿಯಲು. ತಾಲ್ಲೂಕಿನ ಕೇಂದ್ರಕ್ಕೂ ಹಿಂದೆ ಪಾಪನಪಲ್ಲಿ ಎಂದೇ ಹೆಸರಿದ್ದು, ದಿವಾನ್ ಪೂರ್ಣಯ್ಯನವರು ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರಿನಿಂದ ಅದನ್ನು ಶ್ರೀನಿವಾಸಪುರವೆಂದು ಕರೆದರು. ವರ್ಷವಿಡೀ ಹರಿಯುವ ನದಿ ಈ ಜಿಲ್ಲೆಯಲ್ಲಿಲ್ಲ. ಮಳೆ ಸುಮಾರು 700 ಮಿಲಿಮೀಟರ್. ಅದನ್ನು ಕೆರೆಗಳಲ್ಲಿ ಹಿಡಿದಿಟ್ಟುಕೊಂಡೇ ಇಲ್ಲಿಯ ಜನ ಬಾಳಿದರು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿಯೇ ಇದೇ ಜಿಲ್ಲೆಯ ಚಿನ್ನದ ಗಣಿಗಳಿಗೆ ತಲುಪಿತ್ತು. ಗಡಿಯ ಹಳ್ಳಿಗಳ ಅಡಿಗೆಮನೆಯಲ್ಲಿ ಅನಂತರವೂ ಬಹುಕಾಲ ಉರಿದದ್ದು ಸೀಮೆಎಣ್ಣೆಯ ಬುಡ್ಡಿ.

ನನ್ನ ತಂದೆಯವರು ಉಪಾಧ್ಯಾಯರು. 1966ರಲ್ಲಿ ಅವರಿಗೆ ಈ ಸೀಮೆಗೆ ವರ್ಗವಾದಾಗ ನನಗೆ ಒಂಬತ್ತು ವರ್ಷ. ನಮ್ಮದು ಕಾವೇರಿಯ ನಾಲೆಯ ಬಯಲು. ಅನ್ನ ಉಣ್ಣುವ ಮನೆ. ಬೆಂಗಳೂರಿನಿಂದ ಸಣ್ಣ ಗೇಜಿನ ರೈಲಿನಲ್ಲಿ ಶ್ರೀನಿವಾಸಪುರಕ್ಕೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಗೌನಿಪಲ್ಲಿಗೆ ಹೋದೆವು. ಅಜ್ಜಿ ಮೂಟೆ ಕಟ್ಟಿಸಿದ ವಸ್ತುಗಳು ನನಗೆ ಇಂದಿಗೂ ನೆನಪಿವೆ: ಹುಣಸೆಹಣ್ಣಿನ ಒಂದು ಮಡಕೆ, ಕೆಮ್ಮಣ್ಣು ಕಟ್ಟಿದ ತೊಗರಿ, ಹರಳೆಣ್ಣೆ ಸವರಿದ ಬೇಳೆ, ಒಣಮೆಣಸಿನಕಾಯಿ, ಬೀಸುವ ಕಲ್ಲಿನ ಗೂಟ. ಕಲ್ಲು ಎಲ್ಲಿಯಾದರೂ ಸಿಕ್ಕೀತು, ಒಗ್ಗಿದ ಗೂಟ ಸಿಕ್ಕದು ಎಂಬುದು ಆಕೆಯ ವಾದ. ಹೆಪ್ಪಿಗೆ ಮೊಸರನ್ನು ಒಯ್ಯಲಿಲ್ಲ. ಹದವಾಗಿ ಕಾಯಿಸಿದ ಹಾಲಿಗೆ ಮೆಣಸಿನಕಾಯಿಯ ತೊಟ್ಟುಗಳನ್ನು ಹಾಕಿಟ್ಟರೆ ಮೊದಲ ದಿನ ಪೇಲವವಾಗಿ, ಮರುದಿನ ಅದರಿಂದಲೇ ಗಟ್ಟಿಯಾಗಿ ಮೊಸರಾಗುವುದೆಂದು ಆಕೆಗೆ ಗೊತ್ತಿತ್ತು. ಇದು ತಾಯಿಯಿಂದ ಕಲಿತದ್ದು. ತೊಗರಿಗೆ ಕೆಮ್ಮಣ್ಣು ಕಟ್ಟುವುದು ಅತ್ತೆಯಿಂದ ಕಲಿತದ್ದು. ಯಾವುದು ಯಾರ ವಿದ್ಯೆ ಎಂಬ ಲೆಕ್ಕವನ್ನು ಆಕೆ ಮರೆಯುತ್ತಿರಲಿಲ್ಲ.

ಹೊಸ ಊರಿನಲ್ಲಿ ಮೊದಲ ತೊಡಕು ಬಂದದ್ದು ಬೇಳೆಯಿಂದ. ಮನೆಯ ಹಿಂದಣ ಸೇದುವ ಬಾವಿಯ ನೀರು ಕಣ್ಣಿಗೆ ಸ್ಫಟಿಕದಂತಿತ್ತು. ಅದರಲ್ಲಿ ಬೇಳೆ ಎರಡು ಗಂಟೆ ಕುದಿದರೂ ಬೇಯಲಿಲ್ಲ. ಅಮ್ಮ ಬೇಳೆ ಹಳೆಯದೆಂದಳು, ಕಟ್ಟಿಗೆ ಹಸಿಯೆಂದಳು. ನೆರೆಮನೆಯ ಹಿರಿಯಾಕೆ ಬಂದು ನೋಡಿ, “ಅಮ್ಮಾಯೀ, ಈ ನೀಳ್ಳಲೊ ಪಪ್ಪು ಉಡಕದು” ಎಂದರು. ಈ ನೀರಿನಲ್ಲಿ ಬೇಳೆ ಬೇಯದು ಎಂದು ಅದರ ಅರ್ಥ. ನಾವು ಮಕ್ಕಳು ಅವರನ್ನು ಪೆದ್ದಮ್ಮ ಎಂದು ಕರೆಯತೊಡಗಿದೆವು. ದೊಡ್ಡಮ್ಮ ಎಂಬುದಕ್ಕೆ ಅಲ್ಲಿಯ ಮಾತು. ಬಾವಿಯ ನೀರು ತೊಳೆಯುವುದಕ್ಕೆ, ಕೆರೆಯ ನೀರು ಬೇಯಿಸುವುದಕ್ಕೆ ಎಂಬ ವಿಭಾಗವನ್ನು ಅವರು ಅಮ್ಮನಿಗೆ ತಿಳಿಸಿದರು. ಕೆರೆಯ ನೀರು ಕದಡಿದ್ದರೆ ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ಉಜ್ಜಿ ನೀರು ತುಂಬಿಡಬೇಕು. ಬೆಳಗಾಗುವುದರೊಳಗೆ ಮಣ್ಣು ತಳ ಸೇರಿರುತ್ತದೆ. ಸಂಸ್ಕೃತದಲ್ಲಿ ಕತಕವೆಂದು ಕರೆಯುವುದು ಈ ಬೀಜವನ್ನೇ. ಕಲ್ಲುನೆಲದ ಮೂಲಕ ಇಳಿದ ನೀರಿನಲ್ಲಿ ಸುಣ್ಣದ ಅಂಶ ಸೇರಿ ಬೇಳೆಯ ಸಿಪ್ಪೆಯನ್ನೂ ತಿರುಳನ್ನೂ ಬಿಗಿಗೊಳಿಸುತ್ತದೆ, ಮಳೆಯಿಂದ ತುಂಬಿದ ಕೆರೆಯಲ್ಲಿ ಆ ಅಂಶ ಕಡಿಮೆ ಎಂದು ರಸಾಯನಶಾಸ್ತ್ರ ಹೇಳುತ್ತದೆ. ಪೆದ್ದಮ್ಮನವರಿಗೆ ಸುಣ್ಣದ ವಿಚಾರ ತಿಳಿದಿರಲಿಲ್ಲ. ಬೇಳೆಯೇ ಅವರ ಪರೀಕ್ಷೆಯ ಸಾಧನ.

ಎರಡನೆಯದು ರಾಗಿ. ನಮ್ಮ ಸೀಮೆಯಲ್ಲಿ ಧಾನ್ಯವನ್ನು ಮನೆಯೊಳಗೆ, ನೆಲದಿಂದ ಎತ್ತರದಲ್ಲಿ, ಕಣಜದಲ್ಲಿಡುವುದು ನಿಯಮ. ಇಲ್ಲಿ ನೆಲವನ್ನೇ ಅಗೆದು ಹಗೇವಿನಲ್ಲಿ ಇಡುತ್ತಿದ್ದರು: ಬಾಯಿ ಕಿರಿದು, ಹೊಟ್ಟೆ ಅಗಲ, ಸುತ್ತ ಹುಲ್ಲು, ಮೇಲೆ ಚಪ್ಪಡಿ, ಮಣ್ಣಿನ ಮೆತ್ತಿಗೆ. ಅಮ್ಮನಿಗೆ ಇದು ಅನಾಚಾರವೆಂಬಂತೆ ತೋರಿತು. ಅಜ್ಜಿ ಮಾತ್ರ ತಕ್ಷಣ ಒಪ್ಪಿದಳು. ಕಣಜವನ್ನು ಎತ್ತರದಲ್ಲಿಡುವುದು ತೇವ ತಾಗಬಾರದೆಂದು ತಾನೇ? ಈ ನೆಲದಲ್ಲಿ ತೇವವೆಲ್ಲಿದೆ? ನಿಯಮವನ್ನು ಮಾತ್ರ ಕಲಿತವಳಿಗೂ ನಿಯಮದ ಕಾರಣವನ್ನು ಕಲಿತವಳಿಗೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ಮುಚ್ಚಿದ ಹಗೇವಿನಲ್ಲಿ ಧಾನ್ಯವೇ ಉಸಿರಾಡಿ ಒಳಗಿನ ಪ್ರಾಣವಾಯುವನ್ನು ಮುಗಿಸುತ್ತದೆ; ಹುಳುವಿಗೆ ಬದುಕಲು ಅವಕಾಶವಿಲ್ಲ. ಅದೇ ಕಾರಣದಿಂದ ತೆರೆದ ಕೂಡಲೆ ಇಳಿದ ಮನುಷ್ಯನಿಗೂ ಅದು ಮೃತ್ಯುಕೂಪ. ಬಾಯಿ ತೆಗೆದು ಗಾಳಿಯಾಡಿಸಿ, ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯಬೇಕೆಂದು ಅಲ್ಲಿಯ ಹುಡುಗರಿಗೆ ಮೊದಲೇ ಕಲಿಸುತ್ತಿದ್ದರು.

ಈ ಹಗೇವಿನ ಹಿಂದೆ ಒಂದು ದೊಡ್ಡ ದುಃಖದ ಚರಿತ್ರೆಯೂ ಇದೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. 1881ರಲ್ಲಿ 41 ಲಕ್ಷ 86 ಸಾವಿರ. ನಡುವೆ ಬಂದದ್ದು 1876–78ರ ಮಹಾಕ್ಷಾಮ. ಕೋಲಾರದ ಸೀಮೆ ಅದರಲ್ಲಿ ಬಹಳ ನೊಂದಿತು. ವರ್ಷಗಟ್ಟಲೆ ಕೆಡದೆ ಉಳಿಯುವ ರಾಗಿಗೂ ಅದನ್ನು ಉಳಿಸುವ ಹಗೇವಿಗೂ ಇಲ್ಲಿಯ ಹೆಂಗಸರು ಸಲ್ಲಿಸುತ್ತಿದ್ದ ಗೌರವ ಇದರಿಂದ ಅರ್ಥವಾಗುತ್ತದೆ. ಹೊಸ ರಾಗಿ ಕೈಗೆ ಬಂದ ಮೇಲೆಯೇ ಹಳೆಯದನ್ನು ಪೂರ್ತಿ ತೆಗೆಯಬೇಕು ಎಂಬುದು ಪೆದ್ದಮ್ಮನವರ ಮನೆಯಲ್ಲಿ ಯಾರೂ ಮೀರದ ಮಾತಾಗಿತ್ತು. ಹೊಲದ ಬದುವಿನ ಅಣ್ಣೆಸೊಪ್ಪು, ಗೋಣಿಸೊಪ್ಪು, ಹೊನಗೊನೆ ಮೊದಲಾದವನ್ನು ಬೆರಕೆಯಾಗಿ ಕಿತ್ತು ತಂದು ಮಸೊಪ್ಪು ಮಾಡುವುದನ್ನು ಅಮ್ಮ ಅವರಿಂದ ಕಲಿತಳು. ಶ್ರೀನಿವಾಸಪುರದ ಸೀಮೆ ಮಾವಿಗೆ ಹೆಸರಾದುದು. ಗಾಳಿಗೆ ಉದುರಿದ ಕಾಯಿಯನ್ನು ಹೋಳು ಮಾಡಿ ಉಪ್ಪು ಹಚ್ಚಿ ಒಣಗಿಸಿ, ಹುಣಸೆ ಮುಗಿದ ತಿಂಗಳುಗಳಲ್ಲಿ ಹುಳಿಗೆ ಬಳಸುವುದನ್ನೂ ಕಲಿತಳು. ಕೊಟ್ಟದ್ದೂ ಉಂಟು. ನಮ್ಮ ಮನೆಯ ಹುಳಿಪುಡಿಯ ಪಾಕ ಆ ಬೀದಿಗೆ ಹಬ್ಬಿತು. ಪೆದ್ದಮ್ಮನವರ ಹೆಣ್ಣುಮಕ್ಕಳು ಅಮ್ಮನ ಬಳಿ ಕುಳಿತು ಕನ್ನಡದಲ್ಲಿ ಕಾಗದ ಬರೆಯುವುದನ್ನು ಕಲಿತರು.

ಇಷ್ಟು ಹೇಳಿದ ಮೇಲೆ ಆ ಕಾಲವೇ ಸುವರ್ಣಕಾಲವೆಂದು ಹೊಗಳಿ ಮುಗಿಸುವುದು ಸುಲಭ. ಆದರೆ ವಸ್ತುಸ್ಥಿತಿ ಅಷ್ಟು ಸರಳವಲ್ಲ. ಕೆರೆಗಳು ಹೂಳು ತುಂಬಿ ಬತ್ತಿದಂತೆ ಜಿಲ್ಲೆಯ ಜನ ಕೊಳವೆಬಾವಿಗಳನ್ನು ಆಶ್ರಯಿಸಿದರು. ಅವು ಸಾವಿರ ಅಡಿಯನ್ನೂ ದಾಟಿದವು. ಆ ಆಳದ ಶಿಲೆಗಳ ನಡುವಣ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಇದೆ. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಬಹುಕಾಲದ ಸೇವನೆಯಿಂದ ಹಲ್ಲು ಕಲೆಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಿದರೆ ಮೂಳೆ ಬಿಗಿಯುತ್ತದೆ. ನಮ್ಮ ದೇಶದಲ್ಲಿ ಈ ರೋಗವನ್ನು ಮೊದಲು ಗುರುತಿಸಿದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಲ್ಲಿ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಇಂಗಿದಷ್ಟೂ ಸಾಂದ್ರವಾಗುತ್ತದೆ. ಇನ್ನೂ ವಿಷಾದದ ಸಂಗತಿಯೆಂದರೆ, ಫ್ಲೋರೈಡ್ ಹೆಚ್ಚಿರುವ ನೀರಿನಲ್ಲಿ ಅನೇಕ ಕಡೆ ಸುಣ್ಣದ ಅಂಶ ಕಡಿಮೆ. ಅಂಥ ನೀರಿನಲ್ಲಿ ಬೇಳೆ ಚೆನ್ನಾಗಿಯೇ ಬೇಯುತ್ತದೆ. ತಲೆಮಾರುಗಳಿಂದ ಮೋಸ ಮಾಡದ ಪರೀಕ್ಷೆ ಇಲ್ಲಿ ಕೆಟ್ಟ ನೀರನ್ನು ಒಳ್ಳೆಯದೆಂದು ಒಪ್ಪಿಬಿಡುತ್ತದೆ. ಮನೆಯ ವಿದ್ಯೆ ಸುಳ್ಳಾಯಿತೆಂದು ಇದರ ಅರ್ಥವಲ್ಲ. ಆ ವಿದ್ಯೆ ಹುಟ್ಟಿದ್ದು ಕೆರೆಗೂ ಸೇದುವ ಬಾವಿಗೂ. ಸಾವಿರ ಅಡಿಯ ನೀರಿಗಲ್ಲ. ಊರು ಬದಲಾಗದೆ ನೀರು ಮಾತ್ರ ಬದಲಾದಾಗ, ಇದ್ದಲ್ಲಿಯೇ ಇದ್ದವರೂ ವಲಸೆ ಹೋದವರಂತೆಯೇ ಆಗುತ್ತಾರೆ. ಅವರು ಮತ್ತೆ ಕಲಿಯಬೇಕಾಗುತ್ತದೆ. ಆದರೆ ಈ ಸಲ ಕಲಿಸಲು ನೆರೆಯ ಪೆದ್ದಮ್ಮನವರಿಂದ ಆಗದು. ನೀರು ಪರೀಕ್ಷಿಸುವ ಪ್ರಯೋಗಶಾಲೆಯೇ ಬೇಕು. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರನ್ನು ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಅಂತರ್ಜಲವನ್ನು ಹೆಚ್ಚಿಸುವುದು ಅದರ ಉದ್ದೇಶ, ನೇರವಾಗಿ ಕುಡಿಯುವುದಕ್ಕಲ್ಲ. ಈ ಭೇದವೂ ಪ್ರತಿಯೊಂದು ಅಡಿಗೆಮನೆಗೆ ತಲುಪಬೇಕಾದ ತಿಳಿವಳಿಕೆ.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ರಾಗಿಯ ಮರ್ಯಾದೆ ಪೇಟೆಯಲ್ಲಿ ಹೆಚ್ಚಿದೆ, ಸಂತೋಷ. ಆದರೆ ರಾಗಿಯನ್ನು ಉಳಿಸಿಕೊಂಡು ಬಂದವರ ಕಾರಣಜ್ಞಾನ ಪೊಟ್ಟಣದ ಮೇಲೆ ಅಚ್ಚಾಗುವುದಿಲ್ಲ. ಕೆಲಸದ ಸಲುವಾಗಿ ಇಂದು ನಮ್ಮ ಮಕ್ಕಳು ಹೋಗುವ ಊರುಗಳು ಗೌನಿಪಲ್ಲಿಗಿಂತ ಎಷ್ಟೋ ದೂರ. ಅವರು ಫೋನಿನಲ್ಲಿ ತಾಯಿಯನ್ನು ಕೇಳುವುದು ಎಷ್ಟು ಉಪ್ಪು, ಎಷ್ಟು ನೀರು ಎಂದು. ಅಳತೆ ಊರಿನೊಡನೆ ಬದಲಾಗುತ್ತದೆ. ಕಾರಣ ಎಲ್ಲಿಗಾದರೂ ಜೊತೆಗೆ ಬರುತ್ತದೆ. ಹಿರಿಯರು ಇರುವಾಗಲೇ, ಹೇಗೆ ಎಂಬುದರ ಜೊತೆಗೆ ಏಕೆ ಎಂದೂ, ಯಾರಿಂದ ಕಲಿತಿರಿ ಎಂದೂ ಕೇಳಿ ಬರೆದಿಟ್ಟುಕೊಳ್ಳುವುದು ಚರಿತ್ರೆಯ ಕೆಲಸವೇ ಆಗಿದೆ. ಜನಗಣತಿಯ ಆ ಎರಡು ಅಂಕಿಗಳ ನಡುವೆ ಎಷ್ಟು ಜನ ಸತ್ತರೆಂದು ಲೆಕ್ಕ ಹಾಕಬಹುದು. ಉಳಿದವರನ್ನು ಯಾವ ಹಗೇವಿನ ರಾಗಿ, ಯಾವ ಬದುವಿನ ಸೊಪ್ಪು, ಯಾರ ಕೈ ಉಳಿಸಿತೆಂಬುದನ್ನು ಮನೆಗಳೇ ಹೇಳಬೇಕು.