ಮೀಟರಿನ ಮುಖ, ಮೈಲಿಯ ಲೆಕ್ಕ

ಹಳೇ ಕಾರನ್ನ ಹೊಸದು ಮಾಡೋರು ಬಣ್ಣ, ಎಂಜಿನ್ನು ಅಂತನೇ ಹೆಚ್ಚು ಮಾತಾಡ್ತಾರ. ಸ್ಟೇರಿಂಗ್ ಮುಂದಿನ ಮೀಟರುಗಳಿಗೂ ಒಂದು ಇತಿಹಾಸ ಐತ್ರಿ.

ಅಮೆರಿಕದಾಗ 1964ರ ಏಪ್ರಿಲ್ 17ಕ್ಕ ಫೋರ್ಡ್ ಮಸ್ಟಾಂಗ್ ಹೊರಬಂತು. ಆ ಕಾಲದ ಮಸಲ್ ಕಾರುಗಳ ಮಾತು ಬಂದಾಗ ಅದರ ಹೆಸರೂ ಬರ್ತೈತಿ. ಅದರ ಬ್ಯಾಟರಿ 12 ವೋಲ್ಟಿಂದು. ಪೆಟ್ರೋಲು, ಎಂಜಿನ್ ಕಾವು ತೋರಿಸೋ ಮೀಟರುಗಳಿಗೆ ಬೇಕಾದ್ದು ಸರಾಸರಿ 5 ವೋಲ್ಟ್. ಅದಕ್ಕ ಡ್ಯಾಶ್‌ಬೋರ್ಡ್ ಹಿಂದ ಒಂದು ಸಣ್ಣ ರೆಗ್ಯುಲೇಟರ್ ಕೂಡಿಸಿದ್ರು. ಒಳಗ ಎರಡು ಲೋಹ ಬೆಸೆದ ಪಟ್ಟಿ: ಕಾದರ ಬಾಗಿ ಕರೆಂಟ್ ಕಡೀತೈತಿ, ಆರಿದರ ಮತ್ತ ಕೂಡಿಸ್ತೈತಿ. ಅದು ಅಂಟಿಕೊಂಡ್ರ ಪೂರಾ 12 ವೋಲ್ಟ್ ನುಗ್ಗಿ ಮುಳ್ಳು ತುದಿಗೆ ಹೋಗ್ತಾವ, ಮೀಟರ್ ಸುಟ್ಟೂ ಹೋಗಬಹುದು. ಹಂಗಾಗಿ ಎರಡೂ ಮುಳ್ಳು ಒಮ್ಮೆಗೇ ತಪ್ಪು ತೋರಿಸಿದ್ರ, ಮೀಟರ್ ಬಿಚ್ಚೋ ಮೊದಲು ರೆಗ್ಯುಲೇಟರ್ ನೋಡಬೇಕು.

ಅಳಿಸಿದ ಅಂಕಿ ಮತ್ತ ಬರೀರಿ, ಮುಳ್ಳಿಗೆ ಬಣ್ಣ ಹಚ್ರಿ, ಅಡ್ಡಿಯಿಲ್ಲ. ಮೈಲಿ ಎಣಿಸೋ ಗಾಲಿಗಳ ಮಾತು ಬ್ಯಾರೆ. ಪೂರ್ತಿ ಮೈಲಿಗೆ ಐದೇ ಅಂಕಿ. 99,999 ಆದ ಮ್ಯಾಲೆ ಮತ್ತ ಸೊನ್ನೆ. 30,000 ಅಂತ ಕಂಡದ್ದು 1,30,000ವೂ ಇರಬಹುದು. ಇದರ ಜೋಡಿ, ಲೆಕ್ಕ ಹಿಂದಕ್ಕ ತಿರುಗಿಸಿ ಮಾರೋ ಮೋಸಾನೂ ಇತ್ತು. ಅದನ್ನ ತಡೀಲಿಕ್ಕೆ 1972ರಾಗ ಅಲ್ಲಿ ಕಾಯ್ದೆ ಬಂತು. ಈಗಿನ ಕಾಯ್ದೆ ಪ್ರಕಾರ, ರಿಪೇರಿಯಾಗ ಹಳೇ ಲೆಕ್ಕ ಉಳಿಸಲಿಕ್ಕೆ ಆಗದಿದ್ರ ಸೊನ್ನೆಗೆ ಇಡಬೇಕು. ಮೊದಲು ಎಷ್ಟಿತ್ತು, ಯಾವಾಗ ರಿಪೇರಿ ಆತು ಅನ್ನೋ ಚೀಟಿ ಎಡಬಾಗಿಲ ಚೌಕಟ್ಟಿಗೆ ಅಂಟಿಸಬೇಕು.

ಮುಖ ತೊಳೀಬಹುದ್ರಿ, ವಯಸ್ಸು ಮುಚ್ಚಿಡಬಾರದು.