ಹೊಲದ ಗುರುತು, ಪಟ್ಟೆಯ ಹೆಸರು

ಆದೋನಿ ಸೀಮೆಯ ಪೆದ್ದಹರಿವಾಣಂನಂಥ ಊರುಗಳಲ್ಲಿ ಭೂದಾಖಲೆ ಕೆಡುವುದು ಬರೆಯುವವರ ಕೈತಪ್ಪಿನಿಂದ ಎಂಬ ಮಾತು ಹಳೆಯದು. ನನಗೆ ಅದು ಅರೆಸತ್ಯವಾಗಿ ಕಾಣುತ್ತದೆ. 1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ, 1807ರವರೆಗೆ ಇಲ್ಲಿ ಕಲೆಕ್ಟರಾಗಿದ್ದ ಥಾಮಸ್ ಮನ್ರೋ ಹೊಲಗಳನ್ನು ಅಳೆಸಿ ಕಂದಾಯ ಕಟ್ಟಿದ. ಅಂದಿನಿಂದ ಲೆಕ್ಕದ ಬೇರು ಹೊಲದ ಗುರುತೇ. ಹೆಸರು ಬದಲಾಗುತ್ತಲೇ ಇರುತ್ತದೆ: ಅಪ್ಪ ತೀರಿಕೊಳ್ಳುತ್ತಾನೆ, ಅಣ್ಣತಮ್ಮಂದಿರು ಪಾಲಾಗುತ್ತಾರೆ, ಒಬ್ಬ ಮಾರುತ್ತಾನೆ. ಗುರುತು ಬಿಟ್ಟು ಹೆಸರನ್ನಷ್ಟೇ ತಿದ್ದಲು ಹೋದರೆ ಹಳೆಯ ನಮೂದು ಹಾಗೇ ಉಳಿಯುತ್ತದೆ.

ಊರಿನ ಲೆಕ್ಕ ಬರೆಯುವ ಕರಣಂ ಇದ್ದಾಗ ಈ ತಾಪತ್ರಯ ಇರಲಿಲ್ಲ, ಅವನಿಗೆ ಊರೆಲ್ಲ ಗೊತ್ತಿತ್ತು ಎನ್ನುವವರಿದ್ದಾರೆ. ಗೊತ್ತಿದ್ದದ್ದು ನಿಜ. ಆದರೆ ಆ ತಿಳಿವಳಿಕೆ ಒಂದು ಮನೆತನದ ಸೊತ್ತಾಗಿತ್ತು. ಓದು ಬಾರದ ರೈತ ಅದನ್ನು ಒರೆಗೆ ಹಚ್ಚುವುದು ಹೇಗೆ? 1984ರಲ್ಲಿ ಆಂಧ್ರ ಸರ್ಕಾರ ಆ ಹುದ್ದೆಯನ್ನೇ ತೆಗೆಯಿತು. ಅದಕ್ಕೂ ಮೊದಲು, 1953ರ ಅಕ್ಟೋಬರ್ 1ರಂದು ಹಳೆಯ ಬಳ್ಳಾರಿ ಜಿಲ್ಲೆ ಒಡೆದು ಬಳ್ಳಾರಿ ಮೈಸೂರಿಗೂ ಆದೋನಿ ಆಂಧ್ರಕ್ಕೂ ಸೇರಿತ್ತು. ಒಂದೇ ಜಿಲ್ಲೆಯ ಲೆಕ್ಕ ಮೈಸೂರಿನ ಕಡೆ ಪಹಣಿ, ಆಂಧ್ರದ ಕಡೆ ಅಡಂಗಲ್ ಆಯಿತು. ಇನ್ನು ಕಂಪ್ಯೂಟರ್: ಕರ್ನಾಟಕದ ‘ಭೂಮಿ’ ಯೋಜನೆ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳುವಂತೆ ಮಾಡಿತು, ಬೆರಳಚ್ಚಿನ ಗುರುತಿಲ್ಲದೆ ಸಿಬ್ಬಂದಿ ತಿದ್ದಲಾಗದಂತೆ ಕಟ್ಟಿತು. ಅದು ದೊಡ್ಡ ಗಳಿಕೆ. ಆದರೂ ಹಳೆಯ ಪುಸ್ತಕದಿಂದ ಇಳಿದು ಬಂದ ತಪ್ಪನ್ನು ಯಂತ್ರ ತಾನಾಗಿ ಹಿಡಿಯದು. ಗಡಿಯ ರೈತರೇ, ಪಾಲಾದ ವರ್ಷವೇ ಸರ್ವೆ ನಂಬರು ಹಿಡಿದು ಅಡಂಗಲ್ ತೆಗೆಸಿ, ಹೆಸರು ಏರಿದೆಯೇ ನೋಡಿ.